ಡಾಂಬರು ಕಲೆ ನಿವಾರಣೆ (ವಾಹನ)

ವಾಹನದ ಬಣ್ಣಕ್ಕೂ ಗಾಲಿಗಳಿಗೂ ಅಂಟಿದ ಡಾಂಬರು ಮತ್ತು ಜಿಗುಟು ಕೊಳೆಯನ್ನು ಗೀರು ಬೀಳದಂತೆ ತೆಗೆಯುವ ಕ್ರಮ. ಸಂಡೂರು, ಹೊಸಪೇಟೆಗಳ ನಡುವೆ ಅದಿರು ಲಾರಿಗಳು ಓಡಾಡುವ ರಸ್ತೆಗಳಲ್ಲಿ ಈ ಕೊಳೆಗೆ ಹೆಮಟೈಟ್, ಎಂದರೆ ಕಬ್ಬಿಣದ ಆಕ್ಸೈಡ್ ಖನಿಜದ, ಕೆಂಪು ಧೂಳೂ ಬೆರೆಯುತ್ತದೆ. ಅದರ ಕಣಗಳು ಬಣ್ಣದ ಮೇಲಿನ ಪಾರದರ್ಶಕ ಲೇಪಕ್ಕಿಂತ ಗಡುಸಾದುದರಿಂದ ಒಣಬಟ್ಟೆಯಿಂದ ಒರೆಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು, ಮೊದಲು ಧಾರಾಳವಾಗಿ ನೀರು ಹಾಯಿಸಿ ಧೂಳನ್ನು ಇಳಿಸಬೇಕು. ಡಾಂಬರು ಕಚ್ಚಾ ತೈಲದ ಶೇಷವಾದ್ದರಿಂದ ನೀರಿನಲ್ಲಿ ಕರಗದು. ಸೀಮೆಎಣ್ಣೆಯಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯನ್ನು ಕಲೆಯ ಮೇಲೆ ಒಂದೆರಡು ನಿಮಿಷ ಒತ್ತಿಹಿಡಿದು, ಅದು ಸಡಿಲವಾದ ಮೇಲೆ ಹಗುರವಾಗಿ ಒರೆಸಿ, ಕೂಡಲೇ ಶಾಂಪೂ ನೀರಿನಿಂದ ತೊಳೆದು, ಸೀಮೆಎಣ್ಣೆಯೊಂದಿಗೆ ಕಳೆದುಹೋದ ಮೇಣದ ಲೇಪವನ್ನು ಮತ್ತೆ ಹಚ್ಚಬೇಕು. ಗಾಲಿಗಳನ್ನು ತಣಿದ ಮೇಲೆಯೇ ಮುಟ್ಟತಕ್ಕದ್ದು. ಬ್ರೇಕ್ ಡಿಸ್ಕಿಗೆ ಸೀಮೆಎಣ್ಣೆ ತಗುಲಿದರೆ ಬ್ರೇಕಿನ ಹಿಡಿತ ಕುಗ್ಗುತ್ತದೆ.