ಕೊರವಂಜಿಯ ಕಣಿ

ಚುನಾವಣೆ ಬಂದಿತೆಂದರೆ ನಮ್ಮ ನಾಡಿನಲ್ಲಿ ಕಣಿ ಹೇಳುವವರಿಗೆ ಸುಗ್ಗಿ. ಹಿಂದೆ ಈ ಕಸುಬು ಬುಟ್ಟಿ ಹೊತ್ತು, ಬೆತ್ತ ಹಿಡಿದು ಬೀದಿ ಬೀದಿ ತಿರುಗುತ್ತಿದ್ದ ಕೊರವಂಜಿಯದು. ಈಗ ಅದು ಟೆಲಿವಿಷನ್ನಿನ ಪರದೆಯ ಮೇಲೆ ಕೋಟು ತೊಟ್ಟು ಕುಳಿತ ಪಂಡಿತರ ಪಾಲಾಗಿದೆ. ೨೦೦೪ರಲ್ಲಿ ವಾಜಪೇಯಿಯವರ ಸರ್ಕಾರವೇ ಮರಳಿ ಬರುವುದೆಂದು ಈ ಪಂಡಿತರಲ್ಲಿ ಬಹುಮಂದಿ ನಂಬಿದ್ದರು, ನಂಬಿಸಿದ್ದರು. ಮೇ ೧೩ರಂದು ಆದದ್ದೇ ಬೇರೆ. ೨೦೨೪ರ ಜೂನ್ ೧ರ ಸಂಜೆ ಆಳುವ ಕೂಟಕ್ಕೆ ಮುನ್ನೂರೈವತ್ತಕ್ಕೂ ಹೆಚ್ಚು ಸ್ಥಾನವೆಂದು ಬಹುತೇಕ ವಾಹಿನಿಗಳು ಸಾರಿದವು. ಮೂರು ದಿನ ಕಳೆದು ಪೆಟ್ಟಿಗೆ ತೆರೆದಾಗ ದೊರೆತದ್ದು ೨೯೩. ತಪ್ಪುವುದು ಮನುಷ್ಯಸಹಜವೆನ್ನೋಣ. ಸೋಜಿಗವೆಂದರೆ, ಮಾರನೆಯ ದಿನವೂ ಅದೇ ಪಂಡಿತರು ಅದೇ ಕುರ್ಚಿಯಲ್ಲಿ ಕುಳಿತು, ಹೀಗೇಕಾಯಿತೆಂಬುದನ್ನು ಅಷ್ಟೇ ನಿಶ್ಚಯದಿಂದ ವಿವರಿಸುತ್ತಿದ್ದರು.

ಇದನ್ನು ನೋಡುವಾಗಲೆಲ್ಲ ನನಗೆ ನೆನಪಾಗುವುದು ಶ್ರೀನಿವಾಸ ಕಲ್ಯಾಣದ ಕಥೆ. ಯಕ್ಷಗಾನದಲ್ಲಿ ಇದನ್ನು ಕಂಡವರು ಹಲವರಿರಬೇಕು. ಮಗಳು ಪದ್ಮಾವತಿ ಕಾರಣ ತಿಳಿಯದೆ ಕೃಶಳಾಗುತ್ತಿದ್ದಾಳೆ. ಅರಮನೆಗೆ ಕೊರವಂಜಿಯೊಬ್ಬಳು ಬರುತ್ತಾಳೆ. ಇವಳ ಮನಸ್ಸು ವೆಂಕಟಾಚಲದ ಶ್ರೀನಿವಾಸನಲ್ಲಿದೆ, ಅವನಿಗೇ ಕೊಡಿ, ಒಳ್ಳೆಯದಾಗುತ್ತದೆ ಎಂದು ಕಣಿ ಹೇಳುತ್ತಾಳೆ. ಕಣಿ ನಿಜವಾಗುತ್ತದೆ. ಆಗದೆ ಏನು! ಕೊರವಂಜಿಯ ವೇಷದಲ್ಲಿ ಬಂದವನು ಶ್ರೀನಿವಾಸನೇ ಅಲ್ಲವೆ? ಮದುವಣಿಗನೇ ಬಂದು ಮದುವೆಯ ಭವಿಷ್ಯ ನುಡಿದ ಈ ಪ್ರಸಂಗದಲ್ಲಿ ನಮ್ಮ ಜನ ರಾಜಕೀಯ ವ್ಯಾಖ್ಯಾನದ ಗುಟ್ಟನ್ನು ಎಂದೋ ಕಂಡುಕೊಂಡಿದ್ದರೆಂದು ನನ್ನ ಗುಮಾನಿ.

೧೯೪೨ರಲ್ಲಿ ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾಕ್ಟರ್ ಎಂ. ಶಿವರಾಂ ಅವರು ಹಾಸ್ಯಕ್ಕಾಗಿಯೇ ಒಂದು ಮಾಸಪತ್ರಿಕೆ ಹೊರಡಿಸಿದಾಗ ಅದಕ್ಕೆ ‘ಕೊರವಂಜಿ’ ಎಂದು ಹೆಸರಿಟ್ಟದ್ದು ಎಷ್ಟು ಒಪ್ಪುವ ಮಾತು! ‘ರಾಶಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಈ ವೈದ್ಯರು ಯುದ್ಧದ ಆ ದಿನಗಳಲ್ಲಿ ನಗೆಯ ಅಂಗಡಿ ತೆರೆದರೆಂದರೆ ಹಲವರು ಹುಬ್ಬೇರಿಸಿರಬೇಕು. ಅದು ದಿನಬಳಕೆಯ ಸಾಮಾನಿಗೂ ಅಭಾವವಿದ್ದ ಕಾಲ. ಮೇಲಾಗಿ ಅದುವರೆಗೆ ನಮ್ಮ ಪತ್ರಿಕಾರಂಗದ ಮುಖದಲ್ಲಿ ಗಾಂಭೀರ್ಯವೇ ಹೆಚ್ಚು. ಅದಕ್ಕೆ ಕಾರಣವೂ ಇತ್ತು. ೧೯೦೮ರಲ್ಲಿ ಮೈಸೂರು ಸರ್ಕಾರ ಪತ್ರಿಕೆಗಳನ್ನು ಹದ್ದಿನಲ್ಲಿಡುವ ಶಾಸನ ತಂದಿತ್ತು. ಅಂಥ ಕಡೆ ಸಂಪಾದಕನ ಲೇಖನಿ ಒಂದೊಂದು ಮಾತನ್ನೂ ತೂಗಿ ಬರೆಯಬೇಕಾಗಿತ್ತು. ‘ಕರ್ಣಾಟಕ’ ಪತ್ರಿಕೆಯನ್ನು ನಡೆಸಿದ ಡಿ.ವಿ.ಜಿ. ಅವರಂಥವರಿಗೆ ಪತ್ರಿಕಾವೃತ್ತಿಯೆಂದರೆ ಒಂದು ವ್ರತವೇ ಸರಿ. ವ್ರತದಲ್ಲಿ ನಗುವುದು ಹೇಗೆ?

‘ಕೊರವಂಜಿ’ ಇಪ್ಪತ್ತೈದು ವರ್ಷ, ೧೯೬೭ರವರೆಗೆ, ಬಾಳಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಚರಿತ್ರೆ ಬೋಧಿಸುತ್ತಿದ್ದ ನಾ. ಕಸ್ತೂರಿಯವರು ಅಲ್ಲಿ ಬರೆದರು. ಮನೆವಾರ್ತೆಯನ್ನೇ ನಗೆಯ ವಸ್ತುವಾಗಿಸಿದ ಟಿ. ಸುನಂದಮ್ಮನವರಿಗೆ ಓದುಗರು ಸಿಕ್ಕಿದ್ದು ಅಲ್ಲಿ. ಮುಂದೆ ತಮ್ಮ ‘ಶ್ರೀಸಾಮಾನ್ಯ’ನಿಂದ ದೇಶಕ್ಕೆಲ್ಲ ಪರಿಚಿತರಾದ ಆರ್.ಕೆ. ಲಕ್ಷ್ಮಣರು ವಿದ್ಯಾರ್ಥಿಯಾಗಿದ್ದಾಗ ಅದಕ್ಕೆ ಚಿತ್ರ ಬರೆದುಕೊಟ್ಟವರು. ಚೌಕಳಿ ಕೋಟಿನ, ಮಾತಿಲ್ಲದ ಆ ಮುದುಕ ಮುಂಬಯಿಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಕಾಣಿಸಿಕೊಂಡದ್ದು ೧೯೫೧ರಲ್ಲಿ. ಅವನಿಗೆ ಕನ್ನಡ ಬರುತ್ತಿತ್ತೆಂದೇ ನನ್ನ ನಂಬಿಕೆ. ಈ ಬಳಗದ ನಗೆ ಬಹುಮಟ್ಟಿಗೆ ವ್ಯಕ್ತಿಯನ್ನು ಬಿಟ್ಟು ನಡತೆಯನ್ನು ಹಿಡಿಯುವಂಥದು. ಅದಕ್ಕೆ ಯಾರ ಮದುವೆಯೂ ಆಗಬೇಕಾಗಿರಲಿಲ್ಲ. ಅದರ ಕಣಿಗೆ ಬೆಲೆ ಬಂದದ್ದು ಅದರಿಂದಲೇ.

ಆದರೆ ಇಂಥ ಸೌಮ್ಯ ನಗೆ ಎಲ್ಲ ಕಾಲಕ್ಕೂ ಸಾಲದು. ೧೯೭೫ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಮೇಲೆ ಪರಿಶೀಲಕರು ಕುಳಿತರು. ನೆಹರೂ ಅವರು ತಮ್ಮನ್ನೂ ಬಿಡಬೇಡಿರೆಂದು ಹರಸಿದ್ದ ದೆಹಲಿಯ ‘ಶಂಕರ್ಸ್ ವೀಕ್ಲಿ’ ಅದೇ ಆಗಸ್ಟಿನಲ್ಲಿ ಬಾಗಿಲು ಮುಚ್ಚಿತು. ನಗೆಯನ್ನು ತಾಳುವ ಶಕ್ತಿ ಸರ್ವಾಧಿಕಾರಕ್ಕಿಲ್ಲವೆಂಬ ಅರ್ಥದ ಮಾತನ್ನು ಶಂಕರ್ ಕಡೆಯ ಸಂಚಿಕೆಯಲ್ಲಿ ಬರೆದು ಹೊರಟರು.

ನಮ್ಮಲ್ಲಿ ಇದಕ್ಕೆ ಉತ್ತರ ೧೯೮೦ರಲ್ಲಿ ಬಂದಿತು. ಬೆಂಗಳೂರು ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಕೆಲಸವನ್ನು ಬಿಟ್ಟಿದ್ದ ಪಿ. ಲಂಕೇಶರು ಜಾಹೀರಾತಿನ ಹಂಗಿಲ್ಲದ ವಾರಪತ್ರಿಕೆಯೊಂದನ್ನು ಹೊರಡಿಸಿದರು. ಓದುಗರ ಕಾಸಿನ ಮೇಲೆಯೇ ಪತ್ರಿಕೆ ನಿಲ್ಲಬೇಕು! ನಮ್ಮ ಕಾಲೇಜುಗಳ ಪಡಸಾಲೆಯಲ್ಲಿ ಇದನ್ನು ಹುಚ್ಚೆಂದವರೇ ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ಆ ಪುಟಗಳಲ್ಲಿ ಮುಖ್ಯಮಂತ್ರಿ ಗುಂಡೂರಾಯರು ‘ಗುಂ’ ಆದರು. ‘ಕೊರವಂಜಿ’ ನಡತೆಯನ್ನು ಚುಚ್ಚುತ್ತಿತ್ತು. ಇದು ಹೆಸರು ಹಿಡಿದು ಕರೆಯಿತು. ೧೯೮೩ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಈ ರಾಜ್ಯದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಾಗ ಅದರ ಹಿಂದೆ ರೈತರ ಸಿಟ್ಟು, ಗೋಕಾಕ್ ಚಳವಳಿ, ಅದರೊಳಗೆ ಧುಮುಕಿದ ರಾಜಕುಮಾರರ ಕಂಠ, ಎಲ್ಲವೂ ಇದ್ದವು; ಆದರೂ ಆ ಅಡ್ಡಹೆಸರಿನ ಪಾಲನ್ನು ಅಲ್ಲಗಳೆಯಲಾಗದು. ಭಯಪಡಬೇಕಾದವನನ್ನು ಕಂಡು ನಗಬಹುದೆಂದು ಜನಕ್ಕೆ ಅದು ತೋರಿಸಿತ್ತು.

ಹಾಗೆಂದು ಅಡ್ಡಹೆಸರಿನ ಬರಹಕ್ಕೆ ನಾನು ಪೂರ್ತಿ ಮಾರುಹೋಗಲಾರೆ. ಲಂಕೇಶರ ಕೈಯಲ್ಲಿ ಅದರ ಬೆನ್ನಿಗೆ ಸಾಹಿತಿಯೊಬ್ಬನ ವಿವೇಕವಿತ್ತು. ಅವರನ್ನು ನೋಡಿ ಕಲಿತ ಅನೇಕರಿಗೆ ದಕ್ಕಿದ್ದು ಬರಿಯ ಬೈಗುಳ. ಇಂದಿನ ಪರದೆಯ ಗದ್ದಲ ಆ ಬೈಗುಳದ ಮರಿಮಗು. ಅದರಲ್ಲಿ ನಗೆಯೂ ಇಲ್ಲ, ಧೈರ್ಯವೂ ಇಲ್ಲ. ಕೂಗುವವನ ಬುಟ್ಟಿಯನ್ನು ತುಂಬಿಸುವವರು ಯಾರೆಂಬುದು ಕೇಳುವವನಿಗೆ ತಿಳಿಯದು. ಕಥೆಯ ಆ ಅರಮನೆಯವರಿಗೂ ಅದು ಮೊದಲಿಗೆ ತಿಳಿಯಲಿಲ್ಲ.

ಅದೇ ೧೯೮೩ರಲ್ಲಿ, ‘ರಾಶಿ’ಯವರು ಇನ್ನೂ ಬದುಕಿರುವಾಗಲೇ, ‘ಕೊರವಂಜಿ’ಯ ಅಭಿಮಾನಿಗಳು ‘ಅಪರಂಜಿ’ ಎಂಬ ಹೆಸರಿನಲ್ಲಿ ಹಾಸ್ಯಪತ್ರಿಕೆಯನ್ನು ಮತ್ತೆ ಹೊರಡಿಸಿದರು.