ಎರೆಭೂತ

ಬಯಲುಸೀಮೆಯ ಭಾರಿ ನೆಲಹಕ್ಕಿಯೊಂದರ ಕನ್ನಡ ಹೆಸರು. ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಪತ್ರಿಕೆಗಳು ಬರೆಯುವುದು ಇದನ್ನೇ. ಬಳ್ಳಾರಿ ಕಡೆ ಎರ್ಲಡ್ಡು, ದೊರವಾಯನ ಹಕ್ಕಿ ಎಂದೂ ಕರೆಯುತ್ತಾರೆ.

ಪದದ ಮೊದಲರ್ಧಕ್ಕೆ ನಿಘಂಟು ತೆರೆಯಬೇಕಿಲ್ಲ, ಹಿರಿಯೂರು, ಚಳ್ಳಕೆರೆ ಕಡೆಯ ರೈತರನ್ನು ಕೇಳಿದರೆ ಸಾಕು. ಎರೆ ಎಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಅಂಗೈ ತೂರುವಷ್ಟು ಬಿರಿಯುವ, ಒಂದು ಮಳೆ ಬಿದ್ದರೆ ಮೆಟ್ಟಿಗೆ ಅಂಟಿ ಹೆಜ್ಜೆ ಎತ್ತಲು ಬಿಡದ ಹತ್ತಿ, ಜೋಳ, ಕಡಲೆಯ ನೆಲ. ಆಡುಮಾತಿನಲ್ಲಿ ಅದು ‘ಯರೆ’. ಎರ್ಲಡ್ಡುವಿನ ‘ಎರ್’ ಕೂಡ ಇದರದೇ ಸವೆದ ರೂಪ ಇದ್ದಂತಿದೆ. ಎರೆಹುಳಕ್ಕೂ ಈ ಹಕ್ಕಿಗೂ ನಂಟು ಹುಡುಕುವುದು ಬೇಡ.

ತೊಡಕಿರುವುದು ‘ಭೂತ’ದಲ್ಲಿ. ಸಂಸ್ಕೃತದಲ್ಲಿ ಭೂತಕ್ಕೆ ಜೀವಿ ಎಂಬ ಅರ್ಥವೂ ಉಂಟು, ಹಾಗೆ ನೋಡಿದರೆ ‘ಎರೆಯ ಜೀವಿ’ ಆಗಬಹುದು. ಆದರೆ ಹೊಲದಲ್ಲಿ ಹುಟ್ಟಿದ ಹೆಸರಿಗೆ ಅಷ್ಟು ಪಾಂಡಿತ್ಯ ಹೊಂದುವುದಿಲ್ಲ. ಹಕ್ಕಿಯ ರೂಪವನ್ನೇ ನೋಡಿ: ಸುಮಾರು ಒಂದು ಮೀಟರ್ ಎತ್ತರ, ಗಂಡಿನ ತೂಕ 15 ಕಿಲೋವರೆಗೆ. ಮಣ್ಣುಬಣ್ಣದ ಬೆನ್ನು ಬೆಳೆಯಲ್ಲಿ ಮರೆಯಾಗಿ, ಬಿಳಿ ಕತ್ತು, ಕರಿ ನೆತ್ತಿ ಮಾತ್ರ ಮೇಲೆ ಕಾಣುತ್ತದೆ. ಬೆದೆಗಾಲದಲ್ಲಿ ಗಂಡು ಗಂಟಲಚೀಲ ಉಬ್ಬಿಸಿ, ದೂರಕ್ಕೆ ಕೇಳುವಂತೆ ಗುಂಯ್ಗುಡುತ್ತದೆ. ಮುಸ್ಸಂಜೆಯ ಬಯಲಲ್ಲಿ ಇದನ್ನು ಕಂಡವರು ಭೂತ ಅಂದದ್ದರಲ್ಲಿ ಅಚ್ಚರಿಯಿಲ್ಲ. ಕೆಂಬೂತ ಮಾತ್ರ ಬೇರೆ ಹಕ್ಕಿ, ಪೊದೆಗಳಲ್ಲಿ ನುಸುಳುವ ಕೋಗಿಲೆಯ ಬಳಗದ್ದು.

ನೆರೆಯವರ ಹೆಸರುಗಳಲ್ಲೂ ನೆಲೆ ಕಾಣುತ್ತದೆ. ಮರಾಠಿಯ ಮಾಳಢೋಕದಲ್ಲಿ ಮಾಳ, ಅಂದರೆ ಬಯಲು, ಇದೆ, ತಮಿಳಿನ ಕಾನಮಯಿಲ್ ಎಂದರೆ ಕಾಡುನವಿಲು. ಇಂಗ್ಲಿಷಿನ ಬಸ್ಟರ್ಡ್ ಫ್ರೆಂಚ್ ಮೂಲಕ ಲ್ಯಾಟಿನ್ನಿನ ‘ಏವಿಸ್ ಟಾರ್ಡಾ’ದಿಂದ ಬಂತು, ‘ನಿಧಾನದ ಹಕ್ಕಿ’ ಎಂದು. ಓಡಲು, ಹಾರಲು ಗಟ್ಟಿಗನಾದ ಹಕ್ಕಿಗೆ ಇದು ಅನ್ಯಾಯವೇ. ರಾಷ್ಟ್ರಪಕ್ಷಿ ಇದೇ ಆಗಲೆಂದು ಪಕ್ಷಿತಜ್ಞ ಸಲೀಂ ಅಲಿ ಬಯಸಿದ್ದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಇಂಗ್ಲಿಷ್ ಹೆಸರಿನ ಕಾಗುಣಿತ ತುಸು ತಪ್ಪಿದರೂ ಬೈಗುಳವಾಗುತ್ತದೆಂಬ ಅಳುಕೂ ಕಾರಣವಂತೆ!

ಹೆಸರು ಉಳಿದರೂ ಹಕ್ಕಿ ಉಳಿಯುವುದು ಕಷ್ಟವಾಗಿದೆ. ವರ್ಷಕ್ಕೆ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಎದುರಿನ ನೋಟ ಮಂದವಾದ್ದರಿಂದ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. 2011ರಿಂದ ಇದು ಅಳಿವಿನ ತೀವ್ರ ಅಪಾಯದ ಪಟ್ಟಿಯಲ್ಲಿದೆ. 1974ರಲ್ಲಿ ರಾಣೆಬೆನ್ನೂರಿನಲ್ಲಿ ಕೃಷ್ಣಮೃಗ ಅಭಯಾರಣ್ಯವಾದಾಗ ಅಲ್ಲಿ ಎರೆಭೂತವೂ ಇತ್ತು. ಈಗ ಕರ್ನಾಟಕದಲ್ಲಿ ಬೆರಳೆಣಿಕೆಯ ಹಕ್ಕಿಗಳು ಸುದ್ದಿಯಾಗುವುದು ಸಿರುಗುಪ್ಪದ ಎರೆಹೊಲಗಳಿಂದ.