ಸುತ್ತುವ ಹತ್ತಿ, ಹೊರುವ ಹತ್ತಿ: ಶಿಶುವಸ್ತ್ರದ ಗಾಳಿಯಾಡುವಿಕೆ ಕುರಿತ ಒಂದು ವಿವೇಚನೆ

ಪೀಠಿಕೆ

ಕರ್ನಾಟಕದ ಬಾಣಂತಿ ಕೋಣೆಯಲ್ಲಿ ಎಳೆಗೂಸಿನ ಮೈಗೆ ಮೊದಲು ತಾಗುವುದು ಹಳೆಯ ಹತ್ತಿ ಸೀರೆಯ ತುಂಡು. ಅಜ್ಜಿಯೋ ಅವ್ವನೋ ಉಟ್ಟು ಸವೆಸಿದ, ಒಗೆದು ಒಗೆದು ಮೆತ್ತಗಾದ ಬಟ್ಟೆಯನ್ನೇ ಹರಿದು ಹಾಸುತ್ತಾರೆ, ಹೊದಿಸುತ್ತಾರೆ, ಸುತ್ತುತ್ತಾರೆ. ಹೊಲಕ್ಕೆ ಹೋದ ತಾಯಿ ಬದುವಿನ ಮರಕ್ಕೆ ಕಟ್ಟುವ ಜೋಲಿಯೂ ಸೀರೆಯದೇ. ಹೀಗೆ ಸುತ್ತುವುದಕ್ಕೂ ಹೊರುವುದಕ್ಕೂ ಹತ್ತಿಯೇ ಬಳಕೆಯಾದರೂ ಈ ಎರಡು ಕೆಲಸಗಳು ಬಟ್ಟೆಯಿಂದ ಬೇಡುವ ಗುಣಗಳು ಒಂದೇ ಅಲ್ಲ. ಗಾಳಿಯಾಡುವಿಕೆ ಕೇವಲ ನಾರಿನ ಗುಣವಲ್ಲ. ನಾರು, ನೂಲು, ನೇಯ್ಗೆ, ಪದರ ಮತ್ತು ಕಟ್ಟುವ ಕ್ರಮ ಕೂಡಿದಾಗ ಅದು ಒದಗುತ್ತದೆ. ಸುತ್ತುವ ಬಟ್ಟೆಯನ್ನೂ ಹೊರುವ ಬಟ್ಟೆಯನ್ನೂ ಬೇರೆ ಬೇರೆಯಾಗಿ ಅಳೆಯಬೇಕು ಎಂಬುದು ಈ ಲೇಖನದ ವಾದ.

ಶಿಶುವಿನ ಮೈಯ ಶಾಖ

ನವಜಾತ ಶಿಶುವಿನ ದೇಹದ ಉಷ್ಣತೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತೂಕಕ್ಕೆ ಹೋಲಿಸಿದರೆ ಶಿಶುವಿನ ಹೊರಮೈ ದೊಡ್ಡವರದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಶಾಖ ಬೇಗ ಸೋರಿಹೋಗುತ್ತದೆ. ನಡುಗಿ ಶಾಖ ಹುಟ್ಟಿಸಿಕೊಳ್ಳುವ ಶಕ್ತಿ ಅದಕ್ಕೆ ಇಲ್ಲವೆನ್ನುವಷ್ಟು ಕಡಿಮೆ. ಕಂದು ಕೊಬ್ಬನ್ನು ಉರಿಸಿಯೇ ಅದು ಬೆಚ್ಚಗಿರಬೇಕು. ಅತಿಯಾಗಿ ಹೊದಿಸುವುದೂ ಅಪಾಯವೇ. ನಿದ್ದೆಯಲ್ಲಿ ಶಿಶು ಹಠಾತ್ತಾಗಿ ಸಾಯುವ ಪ್ರಕರಣಗಳಲ್ಲಿ ಮೈ ವಿಪರೀತ ಬಿಸಿಯಾಗುವುದನ್ನು ಅಪಾಯಕಾರಿ ಅಂಶಗಳಲ್ಲೊಂದೆಂದು ವೈದ್ಯಶಾಸ್ತ್ರ ಗುರುತಿಸಿದೆ. ಶಾಖವನ್ನು ಉಳಿಸುವುದು, ಹೆಚ್ಚಾದದ್ದನ್ನು ಬಿಟ್ಟುಕೊಡುವುದು ಎರಡೂ ಶಿಶುವಸ್ತ್ರದ ಹೊಣೆ.

ಉತ್ತರ ಕರ್ನಾಟಕದ ಕುಂಚಿಗೆಯನ್ನು ಈ ದೃಷ್ಟಿಯಿಂದ ನೋಡಬೇಕು. ಶಿಶುವಿನ ಹೊರಮೈಯಲ್ಲಿ ಸುಮಾರು ಐದನೇ ಒಂದು ಭಾಗ ತಲೆಯದೇ. ತಲೆಯಿಂದ ಬೆನ್ನಿನವರೆಗೆ ಇಳಿಬಿದ್ದು ಮುಂದೆ ತೆರೆದಿರುವ ಕುಂಚಿಗೆ ಚಳಿಯಲ್ಲಿ ಹೊರಗೆ ಹೋಗುವಾಗ ಶಾಖವನ್ನು ಕಾಯುತ್ತದೆ, ಮುಖವನ್ನು ಮುಚ್ಚುವುದಿಲ್ಲ. ಅದನ್ನೇ ಬೇಸಿಗೆಯಲ್ಲಿ, ಮನೆಯೊಳಗೆ, ಮಲಗಿದ ಮಗುವಿಗೆ ತೊಡಿಸಿದರೆ ಶಾಖ ಹೊರಹೋಗುವ ಮುಖ್ಯ ದಾರಿಯೇ ಮುಚ್ಚುತ್ತದೆ.

ನಾರು, ನೂಲು, ನೇಯ್ಗೆ

ಗಾಳಿಯ ಸಾಪೇಕ್ಷ ತೇವಾಂಶ ಶೇ 65 ಇರುವಾಗ ಹತ್ತಿ ತನ್ನ ಒಣ ತೂಕದ ಸುಮಾರು ಶೇ 8.5ರಷ್ಟು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ರೇಷ್ಮೆಯಲ್ಲಿ ಇದು ಸುಮಾರು ಶೇ 11, ಉಣ್ಣೆಯಲ್ಲಿ ಶೇ 16. ಪಾಲಿಯೆಸ್ಟರಿನಲ್ಲಿ ಶೇ 0.4 ಮಾತ್ರ. ಚರ್ಮದಿಂದ ಏಳುವ ಆವಿಯನ್ನು ಹತ್ತಿ ಹೀರಿ ಹೊರಗೆ ದಾಟಿಸುತ್ತದೆ; ಪಾಲಿಯೆಸ್ಟರಿನ ನಾರು ಹೀರದೆ ಬಿಡುವುದರಿಂದ ಒತ್ತಾದ ಬಟ್ಟೆಯಡಿ ಬೆವರು ಮೈಗೇ ಅಂಟಿ ನಿಲ್ಲುತ್ತದೆ.

ಆದರೆ ಗಾಳಿ ಹಾಯುವುದು ಮುಖ್ಯವಾಗಿ ಎಳೆಗಳ ನಡುವಿನ ಸಂದಿನಿಂದ. ಹಾಸು ಹೊಕ್ಕು ಎರಡೂ ಒತ್ತಾಗಿರುವ ದಪ್ಪ ಕ್ಯಾನ್ವಾಸು ಶುದ್ಧ ಹತ್ತಿಯದ್ದಾದರೂ ಗಾಳಿಯನ್ನು ತಡೆಯುತ್ತದೆ. ಸಾದಾ ನೇಯ್ಗೆಯ ತೆಳು ಮಲ್ ಬಟ್ಟೆ ಸರಾಗವಾಗಿ ಬಿಡುತ್ತದೆ. ಕೈಯಲ್ಲಿ ನೂತ ನೂಲಿನ ದಪ್ಪ ಒಂದೇ ಸಮ ಇರದ ಕಾರಣ ಖಾದಿಯಲ್ಲೂ ಸಣ್ಣ ಸಂದುಗಳು ಉಳಿಯುತ್ತವೆ. ಹೊಸ ಬಟ್ಟೆಯಲ್ಲಿ ಈ ಸಂದುಗಳನ್ನು ನೇಯುವಾಗ ಹಾಕಿದ ಗಂಜಿ ತುಂಬಿಕೊಂಡಿರುತ್ತದೆ. ಒಗೆತದಲ್ಲಿ ಗಂಜಿ ಕಳೆಯುತ್ತದೆ, ಅಂಟದೆ ಉಳಿದ ಬಣ್ಣ ಹೋಗುತ್ತದೆ, ಬಟ್ಟೆ ಮೆತ್ತಗಾಗುತ್ತದೆ, ನೀರನ್ನು ಬೇಗ ಹೀರುತ್ತದೆ. ಹುಟ್ಟಿದ ಮಗುವಿಗೆ ಹಳೆ ಬಟ್ಟೆಯೇ ಆಗಬೇಕೆಂಬ ರೂಢಿಗೆ ಇಷ್ಟು ಗಟ್ಟಿಯಾದ ಭೌತಿಕ ಆಧಾರವಿದೆ.

ಪದರಗಳ ಲೆಕ್ಕ ಇನ್ನೂ ಮುಖ್ಯ. ಹಳೆ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ ಪದರಗಳ ನಡುವೆ ಗಾಳಿಯನ್ನು ನಿಲ್ಲಿಸಿಕೊಂಡೇ ಬೆಚ್ಚಗಿರುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಅಂಚಿನಿಂದ ನಡುವಿಗೆ ಸಾಗುತ್ತ ಹೊಲಿಯುವ ಕವಂದಿಗಳಲ್ಲಿ ಮಕ್ಕಳಿಗೆಂದೇ ಮಾಡಿದ ಚಿಕ್ಕವೂ ಇವೆ. ಇವು ಕೆಳಗೆ ಹಾಸಲು ಯೋಗ್ಯ. ಮೈಗೆ ಬಿಗಿದು ಸುತ್ತಲು ಅಲ್ಲ. ಕಂಬಳಿಯ ಮಾತೂ ಹೀಗೆಯೇ. ಉಣ್ಣೆ ತೇವ ಹೀರುವುದರಲ್ಲಿ ಎಲ್ಲಕ್ಕಿಂತ ಮುಂದಿದ್ದರೂ ಸುಮಾರು 30 ಮೈಕ್ರಾನ್‌ಗಿಂತ ದಪ್ಪನೆಯ ನಾರಿನ ತುದಿ ಚರ್ಮವನ್ನು ಚುಚ್ಚುತ್ತದೆ. ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೂ ಕೂಸಿಗೂ ನಡುವೆ ಹತ್ತಿಯ ಬಟ್ಟೆ ಇರಲೇಬೇಕು.

ಹೊರುವ ಬಟ್ಟೆ

ಸುತ್ತಲು ಯಾವ ಸವೆತ ಒಳ್ಳೆಯದೋ ಅದೇ ಸವೆತ ಹೊರುವಾಗ ಅಪಾಯ. ಜೀರ್ಣವಾದ ಸೀರೆ ಭಾರ ಬಿದ್ದಾಗ ಗಂಟಿನ ಬಳಿ, ಕೊಂಬೆಗೆ ಉಜ್ಜುವ ಕಡೆ ಸೀಳುತ್ತದೆ. ಜೋಲಿಗೂ ಬೆನ್ನಿಗೆ ಕಟ್ಟುವುದಕ್ಕೂ ಗಟ್ಟಿಮುಟ್ಟಾದ ಸೀರೆಯೇ ಬೇಕು. ಪಾಲಿಯೆಸ್ಟರ್ ಸೀರೆ ಬೇಗ ಹರಿಯದಿದ್ದರೂ ಅದರ ನುಣುಪು ಎಳೆಯಲ್ಲಿ ಗಂಟು ಜಾರುತ್ತದೆ. ಜರ್ಮನಿಯಲ್ಲಿ ಎರಿಕಾ ಹೋಫ್‌ಮನ್ 1972ರಲ್ಲಿ ಸ್ಥಾಪಿಸಿದ ಡಿಡಿಮೋಸ್ ಮಗುವನ್ನು ಹೊರಲೆಂದೇ ಬಟ್ಟೆ ನೇಯಿಸಿ ಹೆಸರಾಯಿತು. ಇಂಥ ಬಟ್ಟೆಗಳಲ್ಲಿ ಬಳಸುವ ಟ್ವಿಲ್ ನೇಯ್ಗೆ ಓರೆಯಾಗಿ ತುಸು ಹಿಗ್ಗುತ್ತದೆ, ಉದ್ದಕ್ಕೂ ಅಗಲಕ್ಕೂ ಜೋಲುವುದಿಲ್ಲ. ಹೀಗಾಗಿ ಮಗುವಿನ ಬೆನ್ನಿಗೆ ಒಪ್ಪಿ ನಿಲ್ಲುತ್ತದೆ.

ಕಾಂಗರೂ ಆರೈಕೆ ಈ ಚರ್ಚೆಗೆ ವೈದ್ಯಕೀಯ ತೂಕ ತಂದಿದೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಎಡ್ಗರ್ ರೇ ಆರಂಭಿಸಿದ ಈ ಕ್ರಮದಲ್ಲಿ ಮಗು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗಿ ಇರುತ್ತದೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 1ರಿಂದ 1.799 ಕಿಲೋ ತೂಕದ ಶಿಶುಗಳಿಗೆ ಹುಟ್ಟಿದ ಕೂಡಲೇ ಇದನ್ನು ಆರಂಭಿಸಿದಾಗ, ಸ್ಥಿತಿ ಸುಧಾರಿಸಿದ ಮೇಲೆ ಆರಂಭಿಸಿದ್ದಕ್ಕಿಂತ ಮೊದಲ 28 ದಿನಗಳ ಸಾವು ಶೇ 25ರಷ್ಟು ಕಡಿಮೆಯಾಯಿತು. ಕೊಪ್ಪಳ ಜಿಲ್ಲೆಯಲ್ಲಿಯೂ ಇದನ್ನು ಆಸ್ಪತ್ರೆಯಿಂದ ಮನೆಯವರೆಗೆ ಒಯ್ಯುವ ಸಂಶೋಧನೆ ನಡೆದಿದೆ. ಇಲ್ಲಿ ಶಾಖ ಕೊಡುವುದು ತಾಯಿಯ ಮೈ. ಬಟ್ಟೆಯ ಕೆಲಸ ಜಾರದಂತೆ ಹಿಡಿಯುವುದು, ಬೆವರು ನಿಲ್ಲದಂತೆ ನೋಡುವುದು. ದಿನಕ್ಕೆ 8ರಿಂದ 24 ಗಂಟೆ ಈ ಆರೈಕೆ ಸಿಗಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅಷ್ಟು ಹೊತ್ತು ನಮ್ಮ ಬಯಲುಸೀಮೆಯ ಬಿಸಿಲಲ್ಲಿ ತಾಯಿ ತಡೆದುಕೊಳ್ಳಬೇಕಾದರೆ ಬಟ್ಟೆ ಹತ್ತಿಯದ್ದೇ ಆಗಬೇಕು.

ಕಟ್ಟುವ ಕ್ರಮ ತಪ್ಪಿದರೆ ಎಂಥ ಬಟ್ಟೆಯೂ ಕಾಯದು. ಕಾಲುಗಳನ್ನು ನೇರ ಮಾಡಿ ಬಿಗಿದರೆ ಸೊಂಟದ ಕೀಲು ಸರಿಯಾಗಿ ಬೆಳೆಯುವುದಿಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ಈ ರೂಢಿಯನ್ನು ಬಿಡಿಸಿದ ಮೇಲೆ ಕೀಲಿನ ದೋಷ ತೀವ್ರವಾಗಿ ಇಳಿಯಿತು. ನಮ್ಮ ತಾಯಂದಿರು ಮಗುವಿನ ಕಾಲಗಲಿಸಿ ಅದನ್ನು ತಮ್ಮ ಸೊಂಟದ ಮೇಲೆ ಕೂರಿಸಿಕೊಳ್ಳುವ ಭಂಗಿ ಕೀಲಿಗೆ ಹಿತ. ಗದ್ದ ಎದೆಗೆ ಒತ್ತಿದರೆ ಎಳೆಗೂಸಿನ ಉಸಿರಿನ ದಾರಿ ಕಿರಿದಾಗುತ್ತದೆ. ಆಳವಾಗಿ ಬಾಗಿದ ಜೋಲಿಯಲ್ಲಿ ಈ ಅಪಾಯವಿದೆ. ಮಗು ಮಗ್ಗುಲಾಗಲು ಯತ್ನಿಸಿದ ದಿನವೇ ಬಿಗಿದು ಸುತ್ತುವುದನ್ನು ನಿಲ್ಲಿಸಬೇಕು.

ಸಮಾರೋಪ

ಇಂದು ಪೇಟೆಯಲ್ಲಿ ಬಿದಿರಿನದು ಎಂದು ಮಾರುವ ಮೃದು ಬಟ್ಟೆಗಳಲ್ಲಿ ಹೆಚ್ಚಿನವು ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ವಿಸ್ಕೋಸ್. ಅದನ್ನು ಬಿದಿರಿನ ನಾರೆಂದು ಮಾರಿದ್ದಕ್ಕೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲೇ ಕ್ರಮ ಜರುಗಿಸಿತ್ತು. ಮನೆಯಲ್ಲಿ ಉಳಿದ ಹಳೆ ಸೀರೆಗಳಲ್ಲೂ ಪಾಲಿಯೆಸ್ಟರ್ ಹೆಚ್ಚಿದೆ. ಅನುಮಾನವಿದ್ದರೆ ಒಂದು ಎಳೆಯನ್ನು ಸುಟ್ಟು ನೋಡಬಹುದು: ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡಾಗುತ್ತದೆ.

ನಮ್ಮ ಖಾದಿ ಮತ್ತು ಕೈಮಗ್ಗ ಸಂಘಗಳು ಶಿಶುಗಳಿಗಾಗಿ ಎರಡು ಬಗೆಯ ಬಟ್ಟೆ ನೇಯಬೇಕು: ಗಂಜಿ ಕಳೆದ ತೆಳು ಸುತ್ತುಬಟ್ಟೆ ಒಂದು, ಭಾರ ತಾಳುವ ಹೊರುಬಟ್ಟೆ ಇನ್ನೊಂದು. ನಾರು, ನೂಲಿನ ನಂಬರು, ತೂಕ, ತಾಳುವ ಭಾರ ಇವನ್ನು ಅಂಚಿನ ಮೇಲೆ ಕನ್ನಡದಲ್ಲಿ ಅಚ್ಚು ಹಾಕಬೇಕು. ಆಶಾ ಕಾರ್ಯಕರ್ತೆಯರ ಮನೆಭೇಟಿಯಲ್ಲಿ ಮಗುವಿನ ತೂಕದ ಜೊತೆಗೆ ಅದರ ಬಟ್ಟೆಯನ್ನೂ, ಅದನ್ನು ಕಟ್ಟಿದ ರೀತಿಯನ್ನೂ ಪರೀಕ್ಷಿಸುವ ಪದ್ಧತಿ ಜಾರಿಗೆ ಬರಬೇಕು.